ದೋಣಿಯ ದೀಪಕ್ಕೆ ಹಾಕಿದ ತಂತಿ

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲಿನ ಮಾತು. ನನ್ನ ತವರು ತಿಕೋಟಾ, ಗಂಡನ ಮನೆಯವರು ಬಬಲೇಶ್ವರದವರು, ನಾವು ಸಂಸಾರ ಹೂಡಿದ್ದು ಬಿಜಾಪುರದಲ್ಲಿ. ಯಜಮಾನರು ಎಲೆಕ್ಟ್ರಿಕ್ ಮಿಸ್ತ್ರಿ. ನನಗೆ ಹುದ್ದೆ ಅಂತ ಇದ್ದದ್ದು ಒಲೆಯ ಮುಂದೆ. ಆದರೆ ರೊಟ್ಟಿ ಬಡಿದು ಮುಗಿದ ಮೇಲೆ ಅವರ ಪಿಂಗಾಣಿ ಫ್ಯೂಜುಗಳಿಗೆ ತಂತಿ ಕಟ್ಟಿಕೊಡುವ ಕೆಲಸವೂ ನನ್ನದೇ. ನನ್ನ ಬೆರಳು ಸಣ್ಣವು, ತಿರುಚಿದರೆ ತಂತಿ ಹರಿಯುತ್ತಿರಲಿಲ್ಲ. ಎಷ್ಟು ಕಟ್ಟಿದೆನೋ ಲೆಕ್ಕವಿಲ್ಲ, ಮರೆಯದೆ ಉಳಿದದ್ದು ಭೂತನಾಳ ಕೆರೆಯ ದೋಣಿಗೆ ಕಟ್ಟಿದ್ದು.

ಕೆರೆಯ ಜೊಂಡು ತೆಗೆಸುವ ಗುತ್ತಿಗೆದಾರನೊಬ್ಬ ಸಣ್ಣ ಕಟ್ಟಿಗೆಯ ದೋಣಿ ತರಿಸಿದ್ದ. ನಸುಕಿನಲ್ಲೇ ಕೆಲಸ ಹಿಡಿಯಬೇಕೆಂದು ಅದರ ಮುಂದಕ್ಕೆ ಲಾರಿಯ ದೀಪ, ಒಳಗೆ ಸೋರಿದ ನೀರು ಎತ್ತಿ ಹಾಕಲು ಪುಟ್ಟ ಮೋಟಾರು, ಎರಡಕ್ಕೂ ಹಲಗೆಯ ಕೆಳಗೊಂದು ಲಾರಿ ಬ್ಯಾಟರಿ. ವೈರಿಂಗ್ ಕೆಲಸ ನಮ್ಮವರಿಗೆ ಬಂತು. ದೋಣಿ ನಡೆಸುವವನು ಯಲ್ಲಪ್ಪ, ಅದೇ ಕೆರೆಯ ದಂಡೆಯ ಮೇಲೆ ಬೆಳೆದವನು. ನಮ್ಮವರಿಗೆ ಈಜು ಬರುವುದಿಲ್ಲ ಎಂದು ತಿಳಿದ ದಿನದಿಂದ ಅವನ ಚೇಷ್ಟೆ ತಪ್ಪಲಿಲ್ಲ.

"ನಿಮ್ಮ ಕಡೆ ಎಮ್ಮಿ ಮೈ ತೊಳ್ಯಾಕೂ ನೀರಿಲ್ಲ. ದೋಣ್ಯಾಗ ಕುಂತ್ರ ಕಣ್ಣು ಮುಚ್ಕೋತೀರೇನ್ರಿ ಮಿಸ್ತ್ರಿ?"

"ನೀ ಇದ್ದೀಯಲ್ಲೋ, ಮುಳುಗಿದ್ರ ಜುಟ್ಟು ಹಿಡಿದು ಎಳಿ" ಅನ್ನುತ್ತಿದ್ದರು ಇವರು.

ಫ್ಯೂಜು ಎಂದರೆ ಬೇಕಂತಲೇ ಇಟ್ಟ ಬಡಪಾಯಿ ತಂತಿ. ವಿದ್ಯುತ್ತು ಮಿತಿ ಮೀರಿ ಹರಿದರೆ ಮೊದಲು ಅದು ಕರಗಿ ದಾರಿ ಕಡಿಯುತ್ತದೆ, ಉಳಿದ ವೈರು ಬಿಸಿಯಾಗುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಆದ್ದರಿಂದ ಅದು ವೈರಿಗಿಂತ ದುರ್ಬಲವಾಗಿರಲೇಬೇಕು. ದೀಪ ಎಳೆಯುವುದು ಮೂರು ಆಂಪಿಯರ್, ಅದರ ವೈರು ತಾಳುವುದು ಹತ್ತು. ನಡುವೆ ಐದರ ಫ್ಯೂಜು ಸರಿ ಎಂದು ಇವರ ಲೆಕ್ಕ. ಆದರೆ ಗುತ್ತಿಗೆದಾರನ ಮುಕಾದಮ, ಅಂದರೆ ಕೆಲಸದ ಮೇಲ್ವಿಚಾರಕ, ದೀಪಕ್ಕೂ ಮೋಟಾರಿಗೂ ಸೇರಿ ಒಂದೇ ದೊಡ್ಡ ಫ್ಯೂಜು ಸಾಕೆಂದು ಹಟ ಹಿಡಿದ.

ಮೊದಲ ಪರೀಕ್ಷೆಯಲ್ಲೇ ಮೋಟಾರಿಗೆ ಜೊಂಡು ಸಿಕ್ಕು ಫ್ಯೂಜು ಸುಟ್ಟಿತು. ಅದರ ಸಂಗಡ ದೀಪವೂ ಆರಿತು. ಯಲ್ಲಪ್ಪ ಗಲ್ಲ ಬಡಿದುಕೊಂಡ. ಅವನ ಮನೆತನದಲ್ಲಿ ಹೊಸ ದೋಣಿಗೆ ಗಂಗವ್ವನ ಪೂಜೆ ಮಾಡಿ ದೀಪ ಹಚ್ಚಿ ನೀರಿಗೆ ಬಿಡುವ ಪದ್ಧತಿ. ದೋಣಿ ತಿರುಗಿ ದಂಡೆ ಮುಟ್ಟುವ ತನಕ ಆ ದೀಪ ಆರಬಾರದು, ಆರಿದರೆ ಗಂಗವ್ವ ಆ ದೋಣಿಯನ್ನು ಒಲ್ಲೆ ಅಂದಂತೆ. ಹಿಂದೆಲ್ಲ ಎಣ್ಣೆಯ ಹಣತೆ ಇಡುತ್ತಿದ್ದರು. ಈ ಸಲ ಮುಕಾದಮ ಲಾರಿಯ ದೀಪವನ್ನೇ ಪೂಜೆಗೆ ಗೊತ್ತುಮಾಡಿದ್ದ.

"ಇವತ್ತ ಪೂಜಿ ಇರಲಿಲ್ಲ, ಉಳಕೊಂಡ್ವಿ" ಎಂದ ಯಲ್ಲಪ್ಪ.

ಆಮೇಲೆ ಮುಕಾದಮ ಇವರ ಮಾತಿಗೆ ಒಪ್ಪಿದ. ಫ್ಯೂಜೇ ಬೇಡ, ಗಿರಣಿಗಳಲ್ಲಿ ತಾನಾಗಿ ಬೀಳುವ ಸ್ವಿಚ್, ಸರ್ಕಿಟ್ ಬ್ರೇಕರ್ ಅನ್ನುತ್ತಾರಲ್ಲ, ಅದನ್ನೇ ತರಿಸೋಣವೇ ಎಂದೂ ಕೇಳಿದ. ಅದು ದೊಡ್ಡ ಯಂತ್ರಕ್ಕೆ ಮಾಡಿದ್ದು, ಈ ಪುಟ್ಟ ದೀಪಕ್ಕೆ ಏನಾದರೂ ಅದು ಅಲ್ಲಾಡುವುದಿಲ್ಲ ಎಂದರು ಇವರು. ದೀಪಕ್ಕೆ ಐದರದ್ದು, ಮೋಟಾರಿಗೆ ಹದಿನೈದರದ್ದು, ಎರಡು ಬೇರೆ ಫ್ಯೂಜು ಗೊತ್ತಾಯಿತು. ಎರಡಕ್ಕೂ ನಾನೇ ತಂತಿ ಕಟ್ಟಿದೆ. ದೇವರ ಮುಂದೆ ಇಟ್ಟು ವಿಭೂತಿ ಹಚ್ಚಿ ಕೊಟ್ಟೆ.

ಪೂಜೆಯ ದಿನ ಮುಂಜಾನೆ ಕಡಬಿನ ಬುಟ್ಟಿ ಹೊತ್ತು ಕೆರೆಗೆ ಹೋದೆ. ಯಲ್ಲಪ್ಪನ ಹೆಂಡತಿ ಯಮನವ್ವ ನನ್ನ ಪಕ್ಕ ನಿಂತಿದ್ದಳು. ಯಲ್ಲಪ್ಪ, ಮುಕಾದಮ, ನಮ್ಮವರು, ಮೂವರೂ ದೋಣಿ ಹತ್ತಿದರು. ಬಿಸಿಲಿನಲ್ಲಿ ದೀಪ ಪೇಲವವಾಗಿ ಉರಿಯುತ್ತಿತ್ತು. ನಡುಗೆರೆಗೆ ಹೋದಾಗಲೂ ಆರಲಿಲ್ಲ.

"ನೋಡಕ್ಕಾ, ಗಂಗವ್ವ ಒಪ್ಪ್ಯಾಳ" ಎಂದಳು ಯಮನವ್ವ.

ಅಷ್ಟರಲ್ಲಿ ಹಲಗೆಯ ಸಂದಿಯಿಂದ ಹೊಗೆ ಎದ್ದಿತು. ಡಾಂಬರು ಬಳಿದ ದೋಣಿ, ಒಳಗೆ ಗೋಣಿತಟ್ಟು. ಉರಿ ಏಳಲು ತಡವಾಗಲಿಲ್ಲ. ನಮ್ಮವರು ಬಗ್ಗಿ ಬ್ಯಾಟರಿಯ ವೈರನ್ನು ಬರಿಗೈಯಿಂದ ಕಿತ್ತರು. ಉರಿಗೆ ಹೆದರಿ ಮುಕಾದಮ ಒಂದೇ ಮಗ್ಗುಲಿಗೆ ಸರಿದ. ದೋಣಿ ಮಗುಚಿತು.

ಯಲ್ಲಪ್ಪ ಒಬ್ಬನೇ ಪಾರಾಗಿ ಬರಬಹುದಿತ್ತು. ಅವನು ನಮ್ಮವರ ಅಂಗಿಯ ಕೊರಳು ಹಿಡಿದು ಎಳೆದು ತಂದು ದಂಡೆಯ ಕಲ್ಲಿಗೆ ಒರಗಿಸಿದ. ಏದುಸಿರು ಬಿಡುತ್ತ, "ಜುಟ್ಟು ಸಿಗಲಿಲ್ರಿ ಮಿಸ್ತ್ರಿ" ಎಂದ. ನಕ್ಕ ಕೂಡ. ಮುಕಾದಮ ಇನ್ನೂ ನೀರಿನಲ್ಲೇ ಕೂಗುತ್ತಿದ್ದ. ಯಮನವ್ವ "ಬ್ಯಾಡ್ರಿ" ಅನ್ನುವುದರೊಳಗೆ ಯಲ್ಲಪ್ಪ ತಿರುಗಿ ನೀರಿಗೆ ಬಿದ್ದಿದ್ದ. ಮುಕಾದಮ ಹೇಗೋ ಮಗುಚಿದ ದೋಣಿಯನ್ನು ಅವುಚಿಕೊಂಡು ಉಳಿದ. ಯಲ್ಲಪ್ಪನ ಕಾಲಿಗೆ ಜೊಂಡು ಸುತ್ತಿಕೊಂಡಿತ್ತು. ಸಂಜೆಯೊಳಗೆ ಹೆಣ ಸಿಕ್ಕಿತು. ಬಾಯಿಗೆ ನೀರು ಬಿಡಲಾಗದಿದ್ದರೂ ಮಣ್ಣು ಕೊಡಲು ಸಿಕ್ಕನಲ್ಲ, ಅದನ್ನೂ ದೇವರ ದಯೆ ಅಂದುಕೊಂಡೆವು.

ದೋಣಿ ಎಳೆದು ತಂದಾಗ ನಮ್ಮವರು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡೇ ನೋಡಿದರು. ಹಲಗೆಯ ಕೆಳಗೆ ದೀಪದ ವೈರು ತುಳಿತಕ್ಕೆ ಸಿಕ್ಕಿ ಮೇಲಿನ ರಬ್ಬರು ಹರಿದಿತ್ತು, ಒಳಗಿನ ಎಳೆಗಳೆರಡೂ ಕೂಡಿದ್ದವು. ಆ ಕ್ಷಣಕ್ಕೆ ಫ್ಯೂಜು ಸುಟ್ಟು ದೀಪ ಆರಬೇಕಿತ್ತು, ಅಷ್ಟೇ. ಪಿಂಗಾಣಿ ಬಿಚ್ಚಿದರೆ ನಾನು ಕಟ್ಟಿದ ತಂತಿ ಅದರಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ.

ಮುಕಾದಮ ಕುಸಿದು ಕೂತ. "ಯಲ್ಲಪ್ಪ ಹಾಕಿದ್ನವ್ವಾ. ಪೂಜ್ಯಾಗ ದೀಪ ಆರಬಾರ್ದು ಅಂದ. ನಾನೂ ಹೂಂ ಅಂದೆ."

ಯಮನವ್ವ ಅಲ್ಲೇ ಇದ್ದಳು. ಅವನ ತಂತಿಯಿಂದ ಬೆಂಕಿ ಹತ್ತಿತು, ಅವನ ಕೈಯಿಂದಲೇ ನನ್ನ ಕೊರಳ ತಾಳಿ ಉಳಿಯಿತು. ಇವೆರಡನ್ನು ತಕ್ಕಡಿಗೆ ಹಾಕಲು ನನಗೆ ಇಂದಿಗೂ ಬಂದಿಲ್ಲ. ಪೂಜೆಗೆ ಕೂತಾಗ ಮೊದಲ ಹೂವು ಅವನ ಹೆಸರಿಗೆ ಏರಿಸುತ್ತೇನೆ.

ನಮ್ಮವರ ಬಲಗೈಯ ಬೆರಳು ಮತ್ತೆ ಸರಿಯಾಗಿ ಮಡಚಲಿಲ್ಲ. ತುತ್ತು ಎತ್ತಲು ಬಂತು, ಅದು ಸಣ್ಣ ದಯೆಯಲ್ಲ. ಅಲ್ಲಿಂದ ಅವರು ಹೇಳುವುದು, ನಾನು ಕಟ್ಟುವುದು. ಮನೆಗೇ ಬಂದು ಫ್ಯೂಜು ಒಯ್ಯುವವರಾದರು. ಹಬ್ಬ ಬಂತೆಂದರೆ ಒಬ್ಬರಾದರೂ ಕೇಳುವವರೇ: "ಸ್ವಲ್ಪ ದಪ್ಪಂದು ಹಾಕವ್ವಾ, ಪೂಜ್ಯಾಗ ದೀಪ ಆರಬಾರ್ದು."

"ಆರ್ಲಿ ಬಿಡು ತಂಗಿ" ಅನ್ನುತ್ತೇನೆ. "ದೀಪ ಮತ್ತ ಹಚ್ಚಾಕ ಬರ್ತದ."