ಅಪ್ಪನ ಸಮಾಧಿ ಕಲ್ಲಿನ ಸೈಕಲ್

ಇವತ್ತು ಶಹಾಬಾದದಲ್ಲಿ ಕಲ್ಲು ಕೆತ್ತುವ ಚಾಚಾ ಜೊತೆ ಜಗಳವಾಯಿತು, ಗೆಳೆಯರೇ. ಅಪ್ಪನ ಸಮಾಧಿ ಕಲ್ಲಿನ ಮೇಲೆ ಅವನ ಸೈಕಲ್ ಕೆತ್ತಲು ಹೇಳಿದ್ದೆ. ಅವ್ವನ ಜೊತೆ ಹೋಗಿ ನೋಡಿದರೆ ಸೈಕಲ್ ಎಡಕ್ಕೆ ಮುಖ ಮಾಡಿತ್ತು.

"ಚಾಚಾ, ಇದು ವಾಪಸ್ ಬರಾಕತ್ತದ. ಮುಂದ ಹೊಂಟಂಗ ಕಾಣಬೇಕಿತ್ತು."

"ಮುಂದೇ ಹೊಂಟದ ನೋಡಪ್ಪ. ನಾ ಉರ್ದು ಸಾಲ್ಯಾಗ ಕಲ್ತಾಂವ. ಬಲಗಡಿಂದ ಎಡಕ್ಕ ಓದ್ತೀವಿ, ನಮ್ಮ ಕಣ್ಣಿಗಿ ಮುಂದ ಅಂದ್ರ ಆ ಕಡಿನೇ."

ಕನ್ನಡದವರ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ ಎಂದು ನಾನು ಪಟ್ಟು ಹಿಡಿದೆ. ಇಬ್ಬರ ದನಿಯೂ ಏರಿತು. ಶಾಲೆಯ ಮುಖ ಕಾಣದ ಅವ್ವ ಅಷ್ಟೊತ್ತೂ ಕೆತ್ತಿದ ಸೈಕಲ್ಲಿನ ಸೀಟನ್ನು ಸವರುತ್ತ ಕೂತಿದ್ದಳು.

"ಯಾ ಕಡಿ ಹೊಂಟ್ರ ಏನು, ಅದರ ಮ್ಯಾಲ ನಿಮ್ಮಪ್ಪ ಇಲ್ಲಲ್ಲ" ಅಂದಳು.

ಓದು ಬಲ್ಲ ನಾವಿಬ್ಬರೂ ಆ ಖಾಲಿ ಸೀಟನ್ನು ನೋಡಿದ್ದು ಆಗಲೇ.