ದ್ವೀಪದಲ್ಲೊಂದು ಉಪವಾಸ

ದ್ವೀಪಕ್ಕೆ ಹೋಗುತ್ತೇನೆ ಎಂದು ನಾನು ಭಟ್ಕಳದ ಕಚೇರಿಯಲ್ಲಿ ಹದಿನೈದು ದಿನ ಹೇಳಿಕೊಂಡು ತಿರುಗಿದೆ. ಪಕ್ಕದ ಮೇಜಿನವರು ಮಾಲ್ಡೀವ್ಸ್‌ಗೆ ಹೋಗಿ ಬಂದು ನೀಲಿ ನೀರಿನ ಫೋಟೊ ತೋರಿಸಿದ್ದೇ ಇದಕ್ಕೆಲ್ಲ ಕಾರಣ. "ನಿಮ್ಮದು ಯಾವ ದ್ವೀಪ?" ಎಂದು ಅವರು ಕೇಳಿದಾಗ, "ಅಷ್ಟಾಗಿ ಜನ ಹೋಗದ ಜಾಗ" ಎಂದು ಗಂಭೀರವಾಗಿ ಹೇಳಿದೆ. ಸುಳ್ಳಲ್ಲ. ಹೊನ್ನಾವರದ ಸೇತುವೆ ಮೇಲೆ ಬಸ್ಸು ಹೋಗುವಾಗ ಶರಾವತಿಯ ಮಧ್ಯೆ ಕಾಣುವ ಕುರ್ವೆ ಅದು. ಹೊಳೆಯ ನಡುಗಡ್ಡೆಗೆ ನಮ್ಮ ಕಡೆ ಕುರ್ವೆ ಅನ್ನುತ್ತಾರೆ. ಸುತ್ತ ನೀರಿದೆ, ತೆಂಗಿದೆ, ಬಿಸಿಲಂತೂ ಬೇಕಾದಷ್ಟಿದೆ. ದ್ವೀಪಕ್ಕೆ ಇನ್ನೇನು ಕೋಡು ಇರಬೇಕೆ? ಅಲ್ಲಿ ಹಿಡಿದ ಕೋಣೆಯ ಬಾಡಿಗೆಯೂ ನನ್ನ ಜಿಪುಣತನಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಶಿರಾಲಿಯ ಮನೆಯಿಂದ ಹೊರಡುವಾಗ ಹೆಂಡತಿ ಹೇಳಿದ್ದು ಇಷ್ಟೇ: "ಅದು ನೆಂಟರ ಮನೆ ಅಲ್ಲ. ಬೇಕಾದ್ದು ಬಾಯಿ ಬಿಟ್ಟು ಕೇಳವು. ನಿಂಗಕ್ಕೆ ಆ ಅಭ್ಯಾಸ ಇಲ್ಲೆ." ಐವತ್ತೆರಡು ವರ್ಷದ ಗಂಡಸಿಗೆ ಕೇಳುವುದನ್ನು ಕಲಿಸುತ್ತಾಳಲ್ಲ ಎಂದು ನಕ್ಕು ಬಸ್ಸು ಹತ್ತಿದೆ.

ಹೊಳೆ ದಾಟಿ ನಾನು ತಲುಪಿದ್ದು ಕುರ್ವೆಯ ಮೀನುಗಾರರೊಬ್ಬರ ಮನೆ. ಯಜಮಾನರು ದೋಣಿಯ ಜೊತೆ ಸಮುದ್ರಕ್ಕೆ ಹೋಗಿದ್ದರು. ಮಗಳು ಕುಮಟೆಯಲ್ಲಿ ಹೋಂಸ್ಟೇ ತರಬೇತಿ ಮುಗಿಸಿ ಬಂದು, ಹೊಳೆ ಕಡೆಯ ಕೋಣೆಗೆ ಸುಣ್ಣ ಹೊಡೆಸಿ, ಗೇಟಿಗೆ ಬೋರ್ಡು ಕಟ್ಟಿದ್ದಳು. ತಾಯಿ ನನ್ನ ಚೀಲ ಇಸಿದುಕೊಳ್ಳುತ್ತಲೇ ಹೇಳಿದರು: "ನೀವೇ ಮೊದಲ್ನೇಯವ್ರು ಸರ. ನಮ್ಮಂಥವ್ರ ಮನೇಲಿ ಯಾರು ಬಂದು ಉಳೀತ್ರು ಅಂತ ಕೇರಿಯವ್ರೆಲ್ಲ ನೆಗಾಡಿದ್ರು. ಮೂರು ದಿನ ಇದ್ದು, ಚಲೋ ಇತ್ತು ಅಂತ ನಾಲ್ಕು ಜನಕ್ಕೆ ಹೇಳಿ. ನಮ್ಗೆ ಅಷ್ಟೇ ಸಾಕು."

"ಅದಕ್ಕೇನಂತೆ!" ಎಂದು ದೊಡ್ಡ ಮನುಷ್ಯನ ಹಾಗೆ ಅಭಯ ಕೊಟ್ಟೆ.

ಅಂಗಳದಲ್ಲಿ ಎರಡು ತೆಂಗಿನ ಮರಗಳ ನಡುವೆ ಹಳೆಯ ಬಲೆಯದೊಂದು ಜೋಲಿ ಕಟ್ಟಿದ್ದರು. ಫೋಟೊಗಳಲ್ಲಿ ಎಲ್ಲರೂ ಜೋಲಿಯಲ್ಲೇ ಮಲಗಿರುತ್ತಾರಲ್ಲ, ನಾನೂ ಹತ್ತಿದೆ. ಹತ್ತಲು ಅರ್ಧ ನಿಮಿಷ ಸಾಕಾಯಿತು. ಇಳಿಯುವ ದಾರಿ ಗೊತ್ತಾಗದೆ ಒಂದು ತಾಸು ವಿಶ್ರಾಂತಿ ತೆಗೆದುಕೊಂಡೆ.

ಆಗಲೇ ಮನೆಯಾಕೆ ಬಂದು ಕೇಳಿದರು: "ಊಟ ಮಾಡ್ತ್ರ ಸರ?"

ಇಲ್ಲಿ ನಾನು ಹುಟ್ಟಿ ಬೆಳೆದ ಕತಗಾಲ ಕಡೆಯ ತೋಟದ ಮನೆಗಳ ಪದ್ಧತಿ ಹೇಳಬೇಕು. ಯಾರ ಮನೆಗೆ ಹೋದರೂ ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ. ಮೂರನೇ ಸಲ ಕೇಳಿದಾಗ "ಛೇ, ನಿಮಗೆ ಸುಮ್ಮನೆ ತೊಂದರೆ" ಅನ್ನುತ್ತಾ ಎಲೆಯ ಮುಂದೆ ಕೂರಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಊರು ಅವನನ್ನು ಎರಡು ತಲೆಮಾರು ನೆನಪಿಡುತ್ತದೆ. ಹಾಗಾಗಿ ಹೊಟ್ಟೆ ಚುರುಗುಡುತ್ತಿದ್ದರೂ ನನ್ನ ಬಾಯಿ ತಾನಾಗಿಯೇ ಹೇಳಿತು: "ಅಯ್ಯೋ, ಬೇಡ ಬೇಡ. ಈಗಷ್ಟೇ ತಿಂದು ಬಂದೆ."

"ಆತು" ಎಂದು ಆಕೆ ಒಳಗೆ ಹೋದರು.

ಎಂತ ಆತು? ನಾನು ಜೋಲಿಯಲ್ಲಿ ಕತ್ತು ಎತ್ತಿ ಕಾದೆ. ಎರಡನೇ ಸಲದ ಸುದ್ದಿಯೇ ಇಲ್ಲ. ಒಳಗಿನಿಂದ ಇಂಗಿನ ಒಗ್ಗರಣೆಯ ಪರಿಮಳ ಬಂತು, ಆಮೇಲೆ ಅದೂ ನಿಂತಿತು. ಸಂಜೆ ಚಹಾ ಕೇಳಿದರು. ಇದು ಎರಡನೆಯದು ಎಂದು ಲೆಕ್ಕ ಹಾಕಿ "ಬೇಡ" ಅಂದೆ. "ಆತು." ರಾತ್ರಿ ಊಟಕ್ಕೆ ಕೇಳಿದರು. ಇದು ಮೂರನೆಯದೋ, ಊಟದ ಲೆಕ್ಕದಲ್ಲಿ ಎರಡನೆಯದೋ ಎಂದು ನಾನು ಯೋಚಿಸುವಷ್ಟರಲ್ಲಿ ಬಾಯಿ ಮತ್ತೆ ಬೇಡ ಅಂದಿತ್ತು. ಈ ಸಲ ಆಕೆ ಆತು ಕೂಡ ಅನ್ನಲಿಲ್ಲ, ಸುಮ್ಮನೆ ಹೋದರು. ನಾನು ಚೀಲದ ತಳದಲ್ಲಿದ್ದ ಬಿಸ್ಕೀಟು ತಿಂದು, ಏನು ಜನವಪ್ಪ, ಒಂದು ಉಪಚಾರ ಗೊತ್ತಿಲ್ಲ ಎಂದು ಬೈದುಕೊಂಡು ಮಲಗಿದೆ.

ಬೆಳಿಗ್ಗೆ ಮತ್ತೆ ಜೋಲಿ ಹತ್ತಿದ್ದೆ. ಬುದ್ಧಿ ಬಂದರಲ್ಲವೇ! ಮನೆಯಾಕೆ ಬಂದು ನನ್ನೆದುರು ಒಂದು ಚಿಪ್ಪು ಬಾಳೆಹಣ್ಣು, ಕೆತ್ತದ ಎಳನೀರು, ಒಂದು ಕತ್ತಿ ಇಟ್ಟರು. ಮುಖ ಎತ್ತಲಿಲ್ಲ.

"ಇದ್ನ ನೀವೇ ಕೆತ್ಕಳಿ ಸರ. ನಾವು ಕೈ ಹಚ್ಚೂಲ್ಲ. ಊಟಕ್ಕೆ ಹೊನ್ನಾವರದಲ್ಲಿ ನಿಮ್ಮವ್ರದೇ ಖಾನಾವಳಿ ಉಂಟಂತೆ, ಮಗಳು ತಂದ್ಕೊಡ್ತದೆ."

ನನಗೆ ಮೊದಲು ನೆನಪಾದದ್ದು ನನ್ನ ಅಜ್ಜ. ಸಾಲದ ವಸೂಲಿಗೆಂದು ಹೊಳೆ ದಾಟಿದಾಗಲೆಲ್ಲ ಅಜ್ಜ ಜಾತಿ ಕೆಡುತ್ತದೆಂದು ಈ ಮನೆಗಳಲ್ಲಿ ಹನಿ ನೀರು ಮುಟ್ಟುತ್ತಿರಲಿಲ್ಲವಂತೆ. ಕೆತ್ತದ ಎಳನೀರು ಮಾತ್ರ, ಅದೂ ತಾನೇ ಕೆತ್ತಿಕೊಂಡು. ನಮ್ಮ ಜಗುಲಿಯಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಈಕೆಯ ತಾಯಿಯೋ ಅಜ್ಜಿಯೋ ಹೀಗೇ ಕತ್ತಿ ಇಟ್ಟು ದೂರ ನಿಂತಿರಬೇಕು.

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಜೋಲಿಯಿಂದ ಧಡಕ್ಕನೆ ಎದ್ದೆ. ಅಂದರೆ, ಏಳಲು ಹೋಗಿ ಮಗುಚಿ ಮರಳಿನ ಮೇಲೆ ಮುಖ ಅಡಿಯಾಗಿ ಬಿದ್ದೆ. ಬಿದ್ದಲ್ಲಿಂದಲೇ ಹೇಳಿದೆ: "ಅಕ್ಕಾ, ಹಾಗಲ್ಲ! ನನಗೆ ನಿನ್ನೆಯಿಂದ ಹಸಿವು. ನೀವು ಮೂರು ಸಲ ಕೇಳ್ತೀರಿ ಅಂತ ಕಾಯ್ತಿದ್ದೆ!"

"ಹಸಿದವ್ರು ಬೇಡ ಅಂತ್ರ?" ಆಕೆ ನಂಬಲಿಲ್ಲ. ಬಾಗಿಲಲ್ಲಿ ಬಂದು ನಿಂತ ಮಗಳು ಹೇಳಿದಳು: "ಬೇಡ ಅಂದ್ರೆ ಒತ್ತಾಯ ಮಾಡ್ಬಾರ್ದು ಅಂತ ನಮ್ಗೆ ಟ್ರೈನಿಂಗಲ್ಲಿ ಕಲಿಸಿದ್ರು ಸರ. ಆಯಿ ನಿಮ್ಗೋಸ್ಕರ ಹೊಸ ಪಾತ್ರೆ ತಂದಿದ್ಲು. ಮೂರು ದಿನದಿಂದ ಮನೇಲಿ ಮೀನು ಮಾಡ್ಲಿಲ್ಲ. ತಂಬುಳಿ ಮಾಡೂದು ಯಾರ್ಯಾರನ್ನೋ ಕೇಳಿ ಕಲ್ತಿದ್ಲು. ನಿನ್ನೆದು ಎಲ್ಲ ಚೆಲ್ಲಿದ್ವಿ. ಬೋರ್ಡು ತೆಗ್ದುಬಿಡು ಅಂತ ರಾತ್ರಿಯೇ ಹೇಳಿದ್ಲು."

ನಾನು ಅಜ್ಜನ ಹಾಗಲ್ಲ ಎಂದು ಆಣೆ ಮಾಡಿ ಹೇಳಬೇಕೆನಿಸಿತು. ಯಾರ ಮುಂದೆ ಆಣೆ? ಆಕೆಗೆ ಕೇಳಿಸಿದ್ದು ಬೇಡ ಎಂಬ ಮಾತೊಂದೇ. ಅದನ್ನು ಹೇಳಿದ್ದು ಕತಗಾಲದ ಬಾಯಿ. ಮರಳು ಒರೆಸಿಕೊಂಡು ಎದ್ದೆ. ಕತ್ತಿಯನ್ನು ಮಗಳ ಕೈಗೆ ಕೊಟ್ಟು ಸೀದಾ ಅಡುಗೆಮನೆಗೆ ಹೋಗಿ ಒಲೆಯ ಎದುರು ಕೂತೆ. "ಬಡಿಸಿ ಅಕ್ಕ."

ಆಕೆ ಒಲೆ ಹಚ್ಚಿ ಹೊಸದಾಗಿ ಅಡುಗೆ ಮಾಡಿ, ಬಾಳೆಲೆ ಹಾಸಿ ಕುಚ್ಚಲಕ್ಕಿ ಅನ್ನ ಹಾಕಿದರು, ಮೇಲೆ ಒಂದೆಲಗದ ತಂಬುಳಿ. ಉಪ್ಪು ತುಸು ಮುಂದಾಗಿತ್ತು. ಒಂದು ಅಗುಳೂ ಬಿಡದೆ ಉಂಡೆ. ಆಕೆ ಮತ್ತೆ ಅನ್ನದ ಸೌಟು ಹಿಡಿದು ಬಂದಾಗ, ಹಾಳು ಅಭ್ಯಾಸ ನೋಡಿ, ನನ್ನ ಎರಡೂ ಕೈ ತಾವಾಗಿಯೇ ಎಲೆಯ ಮೇಲೆ ಅಡ್ಡ ಬಂದವು. "ಸಾಕು ಸಾಕು!"

ಸೌಟು ಅಲ್ಲೇ ನಿಂತಿತು. ಆಕೆ ನನ್ನ ಮುಖ ನೋಡಿದರು.

ನಾನು ಕೈ ತೆಗೆದೆ. "ಬೇಕು ಅಕ್ಕ. ಹಾಕಿ."

"ಆತು" ಎಂದರು, ಮತ್ತೆ ನನ್ನನ್ನು ಕೇಳದೆಯೇ ಮೂರು ಸೌಟು ಹಾಕಿದರು.