ದ್ಯಾವಮ್ಮ ತಂದುಕೊಟ್ಟ ಚೌರಿ

"ಕೂದ್ಲಮ್ಮಾ ಕೂದ್ಲು! ಕೂದ್ಲು ಕೊಡ್ರಮ್ಮಾ, ಪಾತ್ರೆ ತಕ್ಕಳ್ರಮ್ಮಾ!"

ಚಿನ್ನದ ಗಣಿ ಸೀಮೆಯ ಊರಿಗಾಂ ಲೈನುಮನೆಗಳಲ್ಲಿ ಈ ಕೂಗು ಎದ್ದರೆ ಸಾಕು, ಹೆಂಗಸರು ಒಲೆ ಸಣ್ಣ ಮಾಡಿ ಹೊರಗೆ ಬರುತ್ತಿದ್ದರು. ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಸಂದಿಗೆ ಸಿಕ್ಕಿಸಿಟ್ಟಿರುತ್ತಾರಲ್ಲ, ಅದನ್ನು ತಂದು ಕೊಟ್ಟರೆ ದ್ಯಾವಮ್ಮ ಸ್ಟೀಲ್ ಲೋಟವೋ ತಟ್ಟೆಯೋ ಕೊಡುತ್ತಿದ್ದಳು. ಬಂಗಾರಪೇಟೆ ಪಕ್ಕದ ನಮ್ಮೂರಿನಲ್ಲಿ ಅವಳದೂ ನಮ್ಮದೂ ಒಂದೇ ಗೋಡೆ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿದರೆ ಸಂಜೆ ಮೂಟೆ ಹೊತ್ತು ಬರುವಳು.

"ನಂದು ಫಾರಿನ್ ಯಾಪಾರ ಕಣೇ. ನಿನ್ನಂಗೆ ಡೈರಿಗೆ ಆಲು ಉಯ್ಯೋದಲ್ಲ" ಎಂದು ನನ್ನನ್ನು ಕಿಚಾಯಿಸುತ್ತಿದ್ದಳು. ಸುಳ್ಳೇನಲ್ಲ. ಅವಳ ಕೂದಲು ಬಂಗಾರಪೇಟೆಯ ಸುಬ್ರಮಣಿಯ ಗೋಡೌನಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ದೇಶ ದಾಟುವುದನ್ನೆಲ್ಲ ಮೊದಲು ಎರಡು ಪಾಲು ಮಾಡುತ್ತಾರೆಂದು ಸುಬ್ರಮಣಿ ಅವಳಿಗೆ ಹೇಳಿಕೊಟ್ಟಿದ್ದ. ನಮ್ಮ ನರ್ಸು ಹೋಗಿ ಅಲ್ಲಿನವರ ಆರೈಕೆ ಮಾಡಿದರೆ ಅದು ಸೇವೆ, ಕೈಯಲ್ಲಿ ಹಿಡಿಯುವಂಥದ್ದಾದರೆ ಸರಕು. ಸರಕಿನಲ್ಲೂ ಕಸ್ಟಮ್ಸ್ ಕಾಗದದಲ್ಲಿ ಬಿಡಿ ಕೂದಲಿಗೆ ಒಂದು ನಂಬರು, ಅದನ್ನೇ ವಿಗ್ಗು, ಚೌರಿ ಅಂತ ಕಟ್ಟಿದರೆ ಬೇರೆ ನಂಬರು. ದ್ಯಾವಮ್ಮನೂ ಜಗಲಿಯ ಮೇಲೆ ಉದುರಿದ್ದು, ಕತ್ತರಿಸಿದ್ದು ಎಂದು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದಳು. ಜಡೆಗೆ ಸೇರಿಸಿ ಹೆಣೆಯುವ ಚೌರಿಯನ್ನು ಮಾತ್ರ ಸುಮ್ಮನೆ ಮುಟ್ಟುತ್ತಿರಲಿಲ್ಲ. "ಚೌರಿ ಅಂದ್ರೆ ಯಾರೋ ಆಸೆಯಿಂದ ಕಟ್ ಮಡಗಿರ್ತಾರೆ. ಮನೆ ಯಜಮಾನೀನ ಕೇಳ್ದೆ ತಕ್ಕೋಬಾರ್ದು" ಎನ್ನುವುದು ಅವಳ ಕಟ್ಟುನಿಟ್ಟು.

ಆ ಕಟ್ಟುನಿಟ್ಟು ಶ್ಯಾಮಲಳ ಬಾಗಿಲಲ್ಲಿ ಸಡಿಲವಾಯಿತು. ಕಾರ್ಖಾನೆ ಕೆಲಸಕ್ಕೆಂದು ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆ ಅದು, ಶ್ಯಾಮಲ ಅಲ್ಲಿಯ ಹೊಸ ಸೊಸೆ. ಅತ್ತೆ ಅನಸೂಯಮ್ಮ ಮನೆಯಲ್ಲಿಲ್ಲದಾಗ ಅಟ್ಟ ಗುಡಿಸುತ್ತಿದ್ದವಳಿಗೆ ಒಂದು ಬಟ್ಟೆಗಂಟು ಸಿಕ್ಕಿತು. ಒಳಗೆ ಮೊಣಕಾಲುದ್ದದ ಚೌರಿ. "ಅಜ್ಜಿ, ಇದನ್ನ ಈಗ ಯಾರೂ ಹಾಕ್ಕೊಳಲ್ಲ. ತಗೊಳ್ತೀರಾ?" ಎಂದಳು. ನಿಮ್ಮತ್ತೇನ ಕೇಳಿದ್ದೀಯಾ ತಾಯಿ ಎಂಬ ಮಾತು ದ್ಯಾವಮ್ಮನ ನಾಲಿಗೆ ತುದಿಗೆ ಬಂತಂತೆ. ಅಷ್ಟುದ್ದದ ಕೂದಲು ಕಂಡು ನುಂಗಿಕೊಂಡಳು. ದೊಡ್ಡದೊಂದು ಡಬರಿ ಕೊಟ್ಟು ಸರಸರ ನಡೆದಳು. ಮನೆಗೆ ಬಂದವಳೇ ಚೌರಿಯ ದಾರ ಬಿಚ್ಚಿ ಕತ್ತರಿಸಿದ ಕೂದಲಿನ ಗುಡ್ಡೆಗೆ ಸೇರಿಸಿದಳು. ಗಂಟು ಬಿಚ್ಚಿದ ಮೇಲೆ ಅದೆಲ್ಲಿಯ ಚೌರಿ, ಬರೀ ಕೂದಲು! ಮರುದಿನ ಅದು ಗೋಡೌನು ಸೇರಿತು.

ಮುಂದಿನ ಸಲ ಹೋದಾಗ ಅನಸೂಯಮ್ಮ ಬಾಗಿಲಲ್ಲೇ ನಿಂತಿದ್ದರು. ಅವರ ತಾಯಿ ತನ್ನ ತಲೆಯ ಕೂದಲನ್ನೇ ವರ್ಷಗಟ್ಟಲೆ ಕೂಡಿಸಿ ಮಗಳ ಮದುವೆಗೆಂದು ಕಟ್ಟಿಸಿದ ಚೌರಿಯಂತೆ ಅದು.

"ದ್ಯಾವಮ್ಮ, ನಮ್ಮಮ್ಮಂದು ಅಂತ ಉಳಿದಿದ್ದು ಅದೊಂದೇ. ನಿನಗೆ ಕೊಟ್ಟೆ ಅಂತಾಳೆ ಇವಳು. ಹೌದಾ?"

"ಅಯ್ಯಯ್ಯೋ, ಚೌರಿ ನಾನ್ಯಾಕಮ್ಮಾ ತಕ್ಕೊಳ್ಳಿ? ಉದುರಿದ್ ಕೂದ್ಲು ಕೊಟ್ರು, ಅಷ್ಟೇಯ."

ಅನಸೂಯಮ್ಮ ಸೊಸೆಯ ಕಡೆ ತಿರುಗಿದರು. "ಎಲ್ಲಿ ಬಿಸಾಡಿದೆ ಹೇಳು! ಮಾಡೋದೂ ಮಾಡಿ ಸುಳ್ಳು ಬೇರೆ!" ಶ್ಯಾಮಲ ದ್ಯಾವಮ್ಮನನ್ನೇ ನೋಡುತ್ತ ನಿಂತುಬಿಟ್ಟಳು.

ದ್ಯಾವಮ್ಮ ಬಂದು ಇದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. "ಥೂ, ನಿನ್ನ ಬಾಯಿಗೆ ಮಣ್ಣಾಕ! ಆ ಮಗೂನ ಕಳ್ಳಿ ಮಾಡಿ ಬಂದ್ಯಾ ಅಕ್ಕಾ?" ಎಂದು ಉಗಿದು, ಅವಳನ್ನು ಗೋಡೌನಿಗೆ ಎಳೆದುಕೊಂಡು ಹೋದೆ. ಅಲ್ಲಿ ಎಲ್ಲವನ್ನೂ ತೊಳೆದು, ಬಾಚಿ, ಉದ್ದ ನೋಡಿ ಕಂತೆ ಕಟ್ಟಿಯಾಗಿತ್ತು. ಸುಬ್ರಮಣಿ ನಕ್ಕ.

"ಬಿಡಿಯಾ, ಕಟ್ಟಿದ್ದಾ, ಎಷ್ಟುದ್ದ, ಅಷ್ಟೇ ನಾವು ಬರೆಯೋದು. ಯಾರ ತಲೇದು ಅಂತ ಯಾವ ದೇಶದೋರೂ ಕೇಳಲ್ಲ ಕಣಮ್ಮ."

ದ್ಯಾವಮ್ಮ ಕೈಮುಗಿದು ಒಂದು ಉದ್ದನೆಯ ಕಂತೆ ಬೇಡಿ ತಂದಳು. ಜಗಲಿಯಲ್ಲಿ ಕೂತು ಕಪ್ಪು ದಾರ ಬಿಗಿದು ಚೌರಿ ಕಟ್ಟತೊಡಗಿದಳು. "ಬ್ಯಾಡ ಕಣಕ್ಕಾ, ಓಗಿ ನಿಜ ಯೋಳು" ಎಂದೆ. "ನಿಜ ಯೋಳಿ ಆ ಲೈನಾಗೆ ಮಕ ಎಂಗೆ ತೋರ್ಸಲೇ?" ಎಂದಳು. ದಾರ ಮೂರ್ನಾಲ್ಕು ಸಲ ಜಾರಿತು.

"ಮೂಟೆ ತಳದಾಗೆ ಸಿಕ್ತಮ್ಮಾ. ನಿಮ್ ಸೊಸೆ ಯೋಳಿದ್ದೇ ದಿಟ" ಎಂದು ಆ ಮನೆಗೆ ಹೋಗಿ ಅದನ್ನು ಕೊಟ್ಟಳಂತೆ. ಅನಸೂಯಮ್ಮ ಚೌರಿಯನ್ನು ಕಣ್ಣಿಗೊತ್ತಿಕೊಂಡು "ಅಮ್ಮಾ" ಎಂದು ಬಿಕ್ಕಿದರು. ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ದ್ಯಾವಮ್ಮನಿಗೆ ಕುರ್ಚಿ ಹಾಕಿ ಕಾಫಿ ಕೊಟ್ಟರು. "ನಿನ್ನಂಥ ನಿಯತ್ತಿನವಳು ಈ ಕಾಲದಲ್ಲಿ ಎಲ್ಲಿ ಸಿಕ್ತಾರೆ!" ಎಂದರು. ದ್ಯಾವಮ್ಮ ಅರ್ಧ ಕಾಫಿ ಬಿಟ್ಟು ಎದ್ದಳಂತೆ.

ಹೊರಡುವಾಗ ಶ್ಯಾಮಲ ಡಬರಿ ತಂದು ಅವಳ ಪಾತ್ರೆ ಬುಟ್ಟಿಯಲ್ಲಿಟ್ಟಳು. ದನಿ ತಗ್ಗಿಸಿ ಹೇಳಿದಳು:

"ಅಜ್ಜಿ, ನಾನು ಕೊಟ್ಟಿದ್ದರಲ್ಲಿ ಅಲ್ಲಲ್ಲಿ ಬಿಳೀ ಕೂದಲಿತ್ತು."

ದ್ಯಾವಮ್ಮ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು.

"ಅತ್ತೆ ಸರಿಯಾಗಿ ಊಟ ಮಾಡಿ ಎಷ್ಟೋ ದಿನ ಆಯ್ತು. ಇವತ್ತು ಮಾಡ್ತಾರೆ. ಏನೂ ಹೇಳಬೇಡಿ" ಎಂದು ಒಳಗೆ ಹೋದಳಂತೆ.

"ಕೆನ್ನೆಗೆ ಒಂದು ಬಿಟ್ಟಿದ್ರೆ ಎಷ್ಟೋ ವಾಸಿಯಾಗಿತ್ತು ಕಣೇ" ಎಂದು ದ್ಯಾವಮ್ಮ ನನ್ನ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಈಗ ಆ ಲೈನಿನಲ್ಲಿ ಅವಳು ಕೂಗುವುದಿಲ್ಲ. ಆದರೆ ಪಕ್ಕದ ಲೈನಿನಲ್ಲಿ ದನಿ ಕೇಳಿದರೆ ಅನಸೂಯಮ್ಮನೇ ಹುಡುಕಿಕೊಂಡು ಬರುತ್ತಾರೆ. ಕೂಡಿಟ್ಟ ತಮ್ಮ ಕೂದಲಿನ ಉಂಡೆಯನ್ನು ಅವಳ ಕೈಗೆ ಹಾಕಿ, "ಪಾತ್ರೆ ಬೇಡ ದ್ಯಾವಮ್ಮ, ನಿನಗೆ ಅಂತಲೇ ಇಟ್ಟಿದ್ದೆ" ಎನ್ನುತ್ತಾರೆ. ಆ ಉಂಡೆಗಳನ್ನು ದ್ಯಾವಮ್ಮ ಇನ್ನೂ ಯಾವ ಗುಡ್ಡೆಗೂ ಹಾಕಿಲ್ಲ.